ಎಡಗಾಲಿನ ಬೂಟುಗಳು

ಬೂಟು ಕಾರ್ಖಾನೆಯ ಹೊಲಿಗೆ ಹಾಲಿನಲ್ಲಿ ಆ ಮಧ್ಯಾಹ್ನ ಎಲ್ಲರೂ ಅಳುತ್ತಿದ್ದರು. ಕೈಗಳು ಮಾತ್ರ ನಿಂತಿರಲಿಲ್ಲ. ದಬ್ಬಳ ಚರ್ಮಕ್ಕೆ ಇಳಿಯುತ್ತಿತ್ತು, ಮೇಣ ಹಚ್ಚಿದ ದಾರ ಸರ್ರನೆ ಎಳೆದುಕೊಂಡು ಬರುತ್ತಿತ್ತು, ನಡುನಡುವೆ ಮೂಗು ಸೇದುವ ಸದ್ದು. ಎತ್ತರದ ಸ್ಟೂಲಿನ ಮೇಲೆ ಕೂತಿದ್ದ ಹುಡುಗಿ ಪುಟ ತಿರುವಿ ಓದಿದಳು:

“ಅವಳು ಬಾವಿಯ ಹತ್ತಿರ ಬಂದಾಗ ಉಳಿದ ಹೆಂಗಸರು ತಮ್ಮ ತಮ್ಮ ಹಗ್ಗ ಎತ್ತಿಕೊಂಡು ಹೊರಟುಹೋದರು. ಅವಳ ಹತ್ತಿರ ಕೊಡವಿತ್ತು, ಹಗ್ಗವಿರಲಿಲ್ಲ.”

“ಅಯ್ಯೋ, ಒಂದು ಹಗ್ಗ ಕೊಟ್ಟಿದ್ರೆ ಇವರ ಗಂಟೇನು ಹೋಗ್ತಿತ್ತು!” ಎಂದಳು ದೊಡ್ಡಕ್ಕ, ಏಪ್ರನ್ನಿನ ತುದಿಯಿಂದ ಕಣ್ಣೊರೆಸಿಕೊಳ್ಳುತ್ತ. “ಆ ಊರಿಗೆ ಬೆಂಕಿ ಬೀಳ. ಮನುಷ್ಯರಾ ಅವರು?”

“ರೇಡಿಯೋ, ಸ್ವಲ್ಪ ವಾಲ್ಯೂಮ್ ಜಾಸ್ತಿ ಮಾಡೇ,” ಎಂದು ಇನ್ನೊಂದು ಬೆಂಚಿನಿಂದ ಯಾರೋ ಓದುವ ಹುಡುಗಿಯನ್ನು ಅವಳ ಅಡ್ಡಹೆಸರಿನಿಂದ ಕೂಗಿದರು. “ನನ್ನ ಮೂಗಿನ ಸದ್ದಲ್ಲಿ ಏನೂ ಕೇಳಿಸ್ತಿಲ್ಲ.”

ಅಳುತ್ತಲೇ ಎಲ್ಲರೂ ನಕ್ಕರು. ನಗದೆ, ಅಳದೆ ಕೂತಿದ್ದವಳು ಒಬ್ಬಳೇ. ಕಿಟಕಿಯ ಪಕ್ಕದ ಕೊನೆಯ ಬೆಂಚಿನಲ್ಲಿದ್ದ ಅವಳು ದಾರ ಕತ್ತರಿಸಿ, ಹೊಲಿದು ಮುಗಿಸಿದ ಬೂಟನ್ನು ಬೆಂಚಿನ ಕೆಳಗೆ ಇಟ್ಟಳು. ಅಲ್ಲಿ ಆಗಲೇ ಒಂದು ಸಾಲು ಬೂಟುಗಳಿದ್ದವು. ಎಲ್ಲವೂ ಎಡಗಾಲಿನವು.

ಅವಳು ಓದುವ ಹುಡುಗಿಯ ಚಿಕ್ಕಮ್ಮ. ತಾಯಿ ಸತ್ತ ಮೇಲೆ ಆ ಹುಡುಗಿಯನ್ನು ಸಾಕಿ, ಓದಿಸಿ, ದಬ್ಬಳ ಹಿಡಿಯುವುದನ್ನು ಕಲಿಸಿದವಳು.

ಆ ಕಾರ್ಖಾನೆಯಲ್ಲಿ ಒಬ್ಬರು ಒಂದೇ ಕಾಲು ಹೊಲಿಯಬೇಕು ಎನ್ನುವುದು ಹಳೆಯ ಮಾಲೀಕರ ಕಾಲದ ಕಟ್ಟಳೆ. ಪ್ರತಿ ಬೆಂಚಿಗೆ ಇಬ್ಬರು, ಎದುರುಬದುರು. ಒಬ್ಬರು ಎಡಗಾಲು, ಒಬ್ಬರು ಬಲಗಾಲು. ಎಡಗಾಲಿನವರಿಗೆ ಉಗ್ರಾಣದಿಂದ ಎಡಗಾಲಿನ ಚರ್ಮ ಮಾತ್ರ ಸಿಗುತ್ತದೆ. ಯಾರ ಜೊತೆ ಯಾರು ಕೂರಬೇಕು ಎನ್ನುವುದು ಅವರವರ ಇಷ್ಟ, ಅದರಲ್ಲಿ ಮೇಸ್ತ್ರಿ ತಲೆ ಹಾಕುವುದಿಲ್ಲ. ಅವನು ಶನಿವಾರ ಬಂದು ಎರಡು ಬೂಟುಗಳನ್ನು ಪಕ್ಕಪಕ್ಕ ಇಟ್ಟು ನೋಡುತ್ತಾನೆ. ಹೊಲಿಗೆಗೆ ಹೊಲಿಗೆ ಕೂತರೆ ಪಾಸು. ಇಲ್ಲದಿದ್ದರೆ ಬೂಟು ಬೆಂಚಿಗೇ ವಾಪಸ್ಸು. ಒಂಟಿ ಬೂಟನ್ನು ಅವನು ಕಣ್ಣೆತ್ತಿಯೂ ನೋಡುವುದಿಲ್ಲ. ಮೂರು ಶನಿವಾರ ಒಂದು ಜೋಡಿಯೂ ಪಾಸಾಗದಿದ್ದರೆ ಕೆಲಸ ಹೋಯಿತು ಅಂತಲೇ ಲೆಕ್ಕ. ಕೆಲಸ ಹೋದರೆ ಕಾರ್ಖಾನೆಯ ಕ್ವಾರ್ಟರ್ಸೂ ಹೋಯಿತು.

ಚಿಕ್ಕಮ್ಮನ ಎದುರು ಕೂರುತ್ತಿದ್ದವಳು ದೊಡ್ಡಕ್ಕ. ಒಡಹುಟ್ಟಿದವಳಲ್ಲ, ಇಡೀ ಹಾಲಿಗೆ ಅವಳು ದೊಡ್ಡಕ್ಕ. ಚಿಕ್ಕಮ್ಮನ ಎಡ, ದೊಡ್ಡಕ್ಕನ ಬಲ ಎಂದರೆ ಮೇಸ್ತ್ರಿ ಪರೀಕ್ಷಿಸುವ ಗೋಜಿಗೂ ಹೋಗುತ್ತಿರಲಿಲ್ಲ. “ನೀವಿಬ್ಬರೂ ಗಂಡ ಹೆಂಡತಿ ಆಗಿದ್ದಿದ್ರೆ ಲೋಕಕ್ಕೇ ಮಾದರಿ ಆಗಿರ್ತಿದ್ರಿ,” ಎಂದು ರೇಗಿಸುತ್ತಿದ್ದ. “ಆಗಿದ್ದಿದ್ರೆ ಇಷ್ಟು ಹೊತ್ತಿಗೆ ಬಿಟ್ಟು ಓಡಿ ಹೋಗಿರ್ತಿದ್ದೆ,” ಎನ್ನುತ್ತಿದ್ದಳು ದೊಡ್ಡಕ್ಕ.

ಅವಳು ಕಡೆಗೂ ಬಿಟ್ಟು ಎದ್ದಿದ್ದು ಅಟ್ಟೆ ಪ್ರೆಸ್ಸಿನ ಸಲುವಾಗಿ.

ಬೂಟಿನ ಅಟ್ಟೆ ಕತ್ತರಿಸುವ ಪ್ರೆಸ್ಸಿಗೆ ಕೈ ಕಾಯುವ ಒಂದು ಅಡ್ಡಗಂಬಿ ಇತ್ತು. ಅದನ್ನು ಇಳಿಸದ ಹೊರತು ಬ್ಲೇಡು ಇಳಿಯದು. ಅದರಿಂದ ಕೆಲಸ ನಿಧಾನ. ದೊಡ್ಡ ಆರ್ಡರೊಂದು ಬಂದಾಗ, ಅಟ್ಟೆ ಸಾಲದೆ ಎಲ್ಲರ ಕೈ ಖಾಲಿ ಕೂತಾಗ, ಹಾಲಿನವರೇ ಮೇಸ್ತ್ರಿಯ ಹತ್ತಿರ ಹೋಗಿ ಕಂಬಿ ತೆಗೆಸಿ ಎಂದಿದ್ದರು. ಬೇಕು ಅನ್ನೋರು ಕೈ ಎತ್ತಿ ಎಂದ ಮೇಸ್ತ್ರಿ. ಎತ್ತದ ಕೈ ಒಂದೂ ಇರಲಿಲ್ಲ. ಚಿಕ್ಕಮ್ಮನೂ ಎತ್ತಿದ್ದಳು. ಕೆಲವು ವಾರ ಅಟ್ಟೆಗಳು ದಂಡಿಯಾಗಿ ಬಂದವು. ಆಮೇಲೊಂದು ದಿನ ಪ್ರೆಸ್ಸಿನವನ ಎರಡು ಬೆರಳು ಅಟ್ಟೆಯ ಜೊತೆ ಬಿದ್ದವು.

ಪ್ರೆಸ್ಸಿನವನನ್ನು ಎಲ್ಲರೂ ಭಾವ ಎನ್ನುತ್ತಿದ್ದರು. ವಿಚಾರಣೆಗೆ ಇನ್‌ಸ್ಪೆಕ್ಟರ್ ಬಂದಾಗ ಭಾವನೇ ಹೇಳಿದ: ಕಂಬಿ ತೆಗೆದಿದ್ದು ನಾನೇ, ತಪ್ಪು ನನ್ನದೇ. ಹಾಗೆ ಹೇಳಿದರೆ ವಾಚ್‌ಮ್ಯಾನ್ ಕೆಲಸ ಕೊಡುತ್ತೇವೆ ಎಂದು ಮೊದಲೇ ಮಾತಾಗಿತ್ತು. ಹಾಲಿನವರೆಲ್ಲ ಒಬ್ಬೊಬ್ಬರಾಗಿ ಹೌದು ಹೌದು ಎಂದರು. ಚಿಕ್ಕಮ್ಮನ ಸರದಿ ಬಂದಾಗ ಅವಳು, “ಅವನೊಬ್ಬನೇ ಅಲ್ಲ ಸಾರ್. ನಾವೆಲ್ಲ ಸೇರಿ ತೆಗೆಸಿದ್ವಿ. ನಾನೂ ಕೈ ಎತ್ತಿದ್ದೆ,” ಎಂದಳು.

ಇನ್‌ಸ್ಪೆಕ್ಟರ್ ಅದನ್ನು ಬರೆದುಕೊಂಡು ಪ್ರೆಸ್ಸಿಗೆ ಬೀಗ ಹಾಕಿಸಿದ, ಅಟ್ಟೆ ಹೊರಗಿನಿಂದ ತರಿಸಬೇಕಾಯಿತು. ಆರ್ಡರು ಬೇರೆ ಕಾರ್ಖಾನೆಯ ಪಾಲಾಯಿತು. ಭಾವನ ವಾಚ್‌ಮ್ಯಾನ್ ಕೆಲಸ ಇವತ್ತು ನಾಳೆ ಎನ್ನುತ್ತಲೇ ನೇತಾಡತೊಡಗಿತು. ಪ್ರೆಸ್ಸಿಗೆ ಬೀಗ ಬಿದ್ದ ಮರುದಿನ ಬೆಳಿಗ್ಗೆಯೇ ದೊಡ್ಡಕ್ಕ ತನ್ನ ದಬ್ಬಳ, ಮೇಣದ ಉಂಡೆ, ಕೂರುವ ದಿಂಬು ಎತ್ತಿಕೊಂಡು ಮುಂದಿನ ಬೆಂಚಿಗೆ ಹೋಗಿ, ಹೊಸದಾಗಿ ಬಂದ ಎಡಗಾಲಿನವಳೊಬ್ಬಳ ಎದುರು ಕೂತಳು. ಯಾರೂ ಯಾರಿಗೂ ಏನೂ ಹೇಳಬೇಕಾಗಿರಲಿಲ್ಲ. ಆವತ್ತಿನಿಂದ ಚಿಕ್ಕಮ್ಮನ ಎದುರಿನ ಜಾಗ ಖಾಲಿ. ಅವಳ ಜೊತೆ ಮಾತಿಲ್ಲ, ಅವಳ ಹೆಸರೂ ಇಲ್ಲ.

ರೇಡಿಯೋ ಮಾತ್ರ ಸ್ಟೂಲಿನ ಮೇಲೇ ಉಳಿದಳು. ಹಾಲಿನಲ್ಲಿ ಒಬ್ಬರು ಕೂತು ಓದುವುದು, ಉಳಿದವರು ಕೇಳುತ್ತ ಹೊಲಿಯುವುದು ಹಿಂದಿನಿಂದ ಬಂದ ಪದ್ಧತಿ. ಓದುವವರಿಗೆ ಕಾರ್ಖಾನೆ ಏನೂ ಕೊಡುವುದಿಲ್ಲ. ಹಾಲಿನವರೇ ಸರದಿಯ ಮೇಲೆ ಒಂದೊಂದು ಜೋಡಿ ಹೊಲಿದು ಅವರ ಬುಟ್ಟಿಗೆ ಹಾಕುತ್ತಾರೆ, ಅದರ ಕೂಲಿ ಓದುವವರದು. ಎರಡು ವರ್ಷದ ಹಿಂದಿನವರೆಗೆ ಅವಳೂ ಬಲಗಾಲು ಹೊಲಿಯುತ್ತಿದ್ದವಳೇ. ಸ್ವರ ಚೆನ್ನಾಗಿದೆ, ಅಕ್ಷರ ನುಂಗುವುದಿಲ್ಲ ಎಂದು ಅವಳನ್ನು ಸ್ಟೂಲಿಗೆ ಹತ್ತಿಸಿದ್ದು ದೊಡ್ಡಕ್ಕನೇ.

ಮೊದಲ ಶನಿವಾರ ಮೇಸ್ತ್ರಿ ಕೊನೆಯ ಬೆಂಚನ್ನು ದಾಟಿ ಹೋದ ಸಂಜೆ, ಕ್ವಾರ್ಟರ್ಸಿನಲ್ಲಿ ಚಿಕ್ಕಮ್ಮ ಚಹಾ ಸೋಸುತ್ತ ಕೇಳಿದಳು: “ಯಾವುದೇ ಅದು, ಹೊಸಾ ಪುಸ್ತಕ?”

ರೇಡಿಯೋ ಆ ಪ್ರಶ್ನೆಗೇ ಕಾದಿದ್ದಳು. ಪುಸ್ತಕವನ್ನು ಲೈಬ್ರರಿಯಲ್ಲಿ ಹುಡುಕಿ ತಂದವಳು ಅವಳು. ಮುತ್ತಿಗೆ ಬಿದ್ದ ಕೋಟೆಯ ಊರೊಂದರ ಕಥೆ. ಹಸಿವು ತಾಳದೆ ಊರಿನವರೆಲ್ಲ ಸೇರಿ ಹೆಬ್ಬಾಗಿಲು ತೆಗೆಯುತ್ತಾರೆ. ಮುಂದೆ ರಾಜ ವಾಪಸ್ಸು ಬಂದು ಯಾರು ತೆಗೆದವರು ಎಂದು ಕೇಳಿದಾಗ, ಸತ್ತುಹೋಗಿದ್ದ ಕಾವಲುಗಾರನ ಹೆಸರು ಹೇಳಿ ಕೈ ತೊಳೆದುಕೊಳ್ಳುತ್ತಾರೆ. ಕಾವಲುಗಾರನ ತಂಗಿ ಒಬ್ಬಳು ಮಾತ್ರ ಒಪ್ಪುವುದಿಲ್ಲ. ಅವನಲ್ಲ, ನಾವೆಲ್ಲರೂ ತೆಗೆದೆವು ಎನ್ನುತ್ತಾಳೆ. ಇದು ಚರಿತ್ರೆಯಲ್ಲಿ ನಡೆದದ್ದು ಎಂದು ಮುನ್ನುಡಿಯಲ್ಲಿತ್ತು.

“ಅವರಿಗೆ ತಾವೇ ಕಾಣಿಸ್ತಾರೆ ಚಿಕ್ಕಮ್ಮ. ಬೇರೆ ಯಾವ ಥರ ಹೇಳಿದ್ರೂ ಕೇಳಲ್ಲ. ಕಥೇಲಿ ಹೇಳಿದ್ರೆ ಕೇಳ್ತಾರೆ. ಇವತ್ತು ಹೇಗೆ ಅತ್ರು ನೋಡಿದ್ಯಲ್ಲ?”

“ನೋಡ್ದೆ. ಅತ್ತು ಮುಗಿಸಿ ಎಲ್ಲರೂ ನನ್ನ ಬೆಂಚು ಸುತ್ತಿಕೊಂಡು ಆಚೆ ಹೋದ್ರು.”

“ಇನ್ನೂ ಪುಸ್ತಕ ಮುಗಿದಿಲ್ವಲ್ಲ. ಮುಗೀಲಿ, ತಡಿ.”

ಚಿಕ್ಕಮ್ಮ ಲೋಟವನ್ನು ಅವಳ ಮುಂದಿಟ್ಟಳು. “ನನಗೆ ಪುಸ್ತಕ ಬೇಡ ಕಣೇ. ಬಲಗಾಲು ಬೇಕು.”

ರೇಡಿಯೋ ಚಹಾ ಊದುತ್ತ ಕೂತಳು. ಚಿಕ್ಕಮ್ಮ ಏನು ಕೇಳುತ್ತಿದ್ದಾಳೆ ಎನ್ನುವುದು ಅವಳಿಗೆ ಅರ್ಥವಾಗದೆ ಇರಲಿಲ್ಲ. ಬಲಗಾಲಿನ ಚರ್ಮ ತರುವ ಹಕ್ಕು ಅವಳಿಗೆ ಇನ್ನೂ ಇತ್ತು. ಸ್ಟೂಲಿನಿಂದ ಇಳಿದು ಆ ಬೆಂಚಿನ ಎದುರು ಕೂತರೆ ಮುಗಿಯಿತು. ಆದರೆ ಕೂತ ದಿನವೇ ಬುಟ್ಟಿಗೆ ಬೂಟು ಬೀಳುವುದು ನಿಲ್ಲುತ್ತದೆ. ಈಗ ಇಬ್ಬರೂ ಉಣ್ಣುತ್ತಿರುವುದು ಅದೇ ಬುಟ್ಟಿಯಿಂದ. ಇದೂ ಒಂದು ಕಾರಣ. ಇನ್ನೊಂದು ಕಾರಣ ಅವಳು ತನಗೆ ತಾನೇ ಹೇಳಿಕೊಳ್ಳಲು ಇಷ್ಟಪಡದ್ದು: ಆ ಸ್ಟೂಲು ಅವಳಿಗೆ ಹಿತವಾಗಿತ್ತು. ಬೆನ್ನು ಬಗ್ಗಿಸಬೇಕಿಲ್ಲ, ಉಗುರಿನ ಸಂದಿಗೆ ಮೇಣ ಹೋಗುವುದಿಲ್ಲ, ಅವಳು ಬಾಯಿ ತೆರೆದರೆ ಹಾಲು ಉಸಿರು ಹಿಡಿಯುತ್ತದೆ.

“ಇನ್ನೊಂದು ವಾರ ನೋಡೋಣ,” ಎಂದಳು.

“ನೋಡು,” ಎಂದಳು ಚಿಕ್ಕಮ್ಮ.

ಎರಡನೆಯ ವಾರ ಕಥೆ ಕಾವೇರಿತು. ಕಾವಲುಗಾರನ ತಂಗಿಯ ಮನೆಗೆ ಯಾರೂ ಬೆಂಕಿ ಕೊಡಲಿಲ್ಲ. ಚಳಿಯಲ್ಲಿ ಅವಳು ಒಲೆ ಹಚ್ಚದೆ ಮಲಗಿದಳು. ಭಾವ ಕೆಲಸವಿಲ್ಲದಿದ್ದರೂ ಕಥೆ ಕೇಳಲೆಂದೇ ಬಂದು ಬಾಗಿಲ ಹತ್ತಿರ ಕೂರುತ್ತಿದ್ದ. ಬೆರಳಿಲ್ಲದ ಕೈಯನ್ನು ಜೇಬಿನೊಳಗೆ ಇಟ್ಟುಕೊಂಡೇ ಅಳುತ್ತಿದ್ದ.

“ಇದು ನಿಜವಾಗ್ಲೂ ನಡೆದಿದ್ದಾ ರೇಡಿಯೋ?” ಎಂದು ಚಹಾದ ಹೊತ್ತಿನಲ್ಲಿ ಯಾರೋ ಕೇಳಿದರು.

“ನಡೆದಿದ್ದಂತೆ.”

“ಅಂದ್ರೆ ಅಂಥಾ ಜನ ನಿಜವಾಗ್ಲೂ ಇದ್ರು! ಥೂ.”

ರೇಡಿಯೋಗೆ ಇನ್ನೇನು, ಒಂದು ಹೆಜ್ಜೆ ಉಳಿದಿದೆ ಎನ್ನಿಸಿತು. ಲೋಟ ಕೆಳಗಿಟ್ಟು, ಆದಷ್ಟು ಸಹಜವಾಗಿ ಕೇಳಿದಳು: “ಈಗಲೂ ಇರಬಹುದಲ್ವಾ, ಅಂಥವರು?”

“ಇರಬಹುದು ಅಂತ ಬೇರೆ ಕೇಳ್ತೀಯಾ?” ಎಂದಳು ದೊಡ್ಡಕ್ಕ. ಅವಳ ಮುಖ ಕೆಂಪೇರಿತ್ತು. “ನಮಗೇ ಆಗಿಲ್ವಾ? ಆ ಇನ್‌ಸ್ಪೆಕ್ಟರು ಬಂದಾಗ ಒಬ್ಬ ನಮ್ಮ ಪರ ನಿಂತ್ನಾ? ಮಾಲೀಕ ಕೈ ಬಿಟ್ಟ. ಪೇಪರಿನವನು ಬಾಯಿಗೆ ಬಂದಂಗೆ ಬರೆದ. ಈ ಹಾಲು ಒಂಟಿಯಾಗಿ ನಿಲ್ತು. ಆ ಕಾವಲುಗಾರನ ತಂಗಿ ಕಥೆ ಕೇಳಿದಾಗೆಲ್ಲ ನನಗೆ ನಾವೇ ಕಣ್ಣ ಮುಂದೆ ಬರ್ತೀವಿ.”

“ಹೌದು ಹೌದು,” ಎಂದಿತು ಹಾಲು. ವಿಚಾರಣೆಯ ದಿನ ಅಂದಷ್ಟೇ ಒಮ್ಮತದಿಂದ.

“ಮತ್ತೆ ಬಾಗಿಲು ತೆಗೆದು ಶತ್ರೂನ ಒಳಗೆ ಬಿಟ್ಟೋರು?” ಎಂದು ಒಬ್ಬಳು ಕಿಟಕಿಯ ಕಡೆ ನೋಡದೆಯೇ ಹುಬ್ಬು ಹಾರಿಸಿದಳು. “ಅಂಥವರೂ ಎಲ್ಲಾ ಕಡೆ ಇರ್ತಾರೆ ಬಿಡು.”

ಕಿಸಕ್ಕೆಂದು ನಗು ಹಬ್ಬಿತು. ಕೊನೆಯ ಬೆಂಚಿನಲ್ಲಿ ದಬ್ಬಳ ಒಮ್ಮೆ ನಿಂತು, ಮತ್ತೆ ಚರ್ಮಕ್ಕೆ ಇಳಿಯಿತು.

ರೇಡಿಯೋ ತಬ್ಬಿಬ್ಬಾದಳು. ಇಷ್ಟು ದೊಡ್ಡ ಊರಿದೆ ಕಥೆಯಲ್ಲಿ. ಬಾಗಿಲು ಹಾಕಿಕೊಂಡವರು, ಹಗ್ಗ ಎತ್ತಿಕೊಂಡವರು, ಬೆಂಕಿ ಕೊಡದವರು ಪುಟಪುಟದಲ್ಲೂ ಇದ್ದಾರೆ. ಕೇಳಿದ ಇಷ್ಟು ಜನರಲ್ಲಿ ಒಬ್ಬರೂ ಆ ಊರಿಗೆ ಸೇರಿದವರಲ್ಲ. ಎಲ್ಲರೂ ಆ ಒಬ್ಬಳೇ, ಕಾವಲುಗಾರನ ತಂಗಿ. ಶಾಲೆಯ ಹಾಸ್ಟೆಲ್ಲಿನಲ್ಲಿದ್ದಾಗ ಓದಿದ ಪುಸ್ತಕಗಳಲ್ಲೂ ತಾನು ಯಾವತ್ತೂ ಒಂಟಿ ನಿಂತವರ ಪಕ್ಕದಲ್ಲೇ ಇದ್ದುದು ರೇಡಿಯೋಗೆ ನೆನಪಾಯಿತು. ಈಗ ಕೂತಿರುವ ಜಾಗವೋ, ಕೊನೆಯ ಬೆಂಚಿನಿಂದ ಬಲು ದೂರ.

“ದೊಡ್ಡಕ್ಕ, ಚಿಕ್ಕಮ್ಮ ಏನು ಹೇಳಿದ್ಲೂಂದ್ರೆ...”

ಎಲ್ಲರ ಲೋಟಗಳೂ ಬಾಯಿಯ ಹತ್ತಿರ ನಿಂತವು. ಆ ಹೆಸರು ಎತ್ತಬಾರದಿತ್ತು.

ದೊಡ್ಡಕ್ಕ ದನಿ ಏರಿಸಲಿಲ್ಲ. “ಮಗಾ, ನಿನಗೆ ಓದೋದು ಚೆನ್ನಾಗಿ ಬರುತ್ತೆ. ಓದು. ನಿನ್ನ ಬುಟ್ಟಿಗೆ ಬಿದ್ದ ಬೂಟು ಯಾರ ಹೊಟ್ಟೆಗೆ ಹೋಗ್ತಿದೆ ಅಂತ ನಮಗೇನು ಗೊತ್ತಿಲ್ವಾ? ಗೊತ್ತಿದ್ದೂ ಹಾಕ್ತಿದೀವಿ. ಅದನ್ನ ಬಾಯಿಬಿಟ್ಟು ಹೇಳಿಸಬೇಡ.”

ಅದು ಬೆದರಿಕೆಯೂ ಹೌದು, ದಯೆಯೂ ಹೌದು. ರೇಡಿಯೋ ಪುಸ್ತಕ ತೆರೆದಳು. ಆ ಶನಿವಾರವೂ ಮೇಸ್ತ್ರಿ ಕೊನೆಯ ಬೆಂಚನ್ನು ದಾಟಿ ಹೋದ. ದೊಡ್ಡಕ್ಕನ ಬೆಂಚಿನಿಂದಲೂ ಕೆಲವು ಜೋಡಿ ವಾಪಸ್ಸಾದವು. “ಹೊಸ ಎಡಗಾಲು ಇನ್ನೂ ಪಳಗಿಲ್ಲ,” ಎಂದ ಮೇಸ್ತ್ರಿ. ದೊಡ್ಡಕ್ಕ ತುಟಿ ಬಿಗಿದು ಹೊಲಿಗೆ ಬಿಚ್ಚಿದಳು.

ಮೂರನೆಯ ವಾರದ ಗುರುವಾರ ಪುಸ್ತಕ ಮುಗಿಯಿತು. ಕಾವಲುಗಾರನ ತಂಗಿ ಒಂಟಿಯಾಗಿ ಸತ್ತಳು. ಊರಿನ ಮೊಮ್ಮಕ್ಕಳ ಕಾಲದಲ್ಲಿ ಅದೇ ಹೆಬ್ಬಾಗಿಲಿನ ಮೇಲೆ ಅವಳ ಮುಖ ಕೆತ್ತಿಸಿದರು. ಹಾಲಿನಲ್ಲಿ ಅಂಥ ಅಳು ಹಿಂದೆಂದೂ ಆಗಿರಲಿಲ್ಲ. ಭಾವ ಎದ್ದು ಹೊರಗೆ ಹೋಗಿ ಮುಖ ತೊಳೆದುಕೊಂಡು ಬಂದ. ದೊಡ್ಡಕ್ಕ ರೇಡಿಯೋಳ ಮಂಡಿ ಸವರಿ, “ನಿನ್ನ ಬಾಯಿಗೆ ಸಕ್ಕರೆ ಹಾಕ,” ಎಂದಳು. ಆಮೇಲೆ ಎಲ್ಲರೂ ಕೊನೆಯ ಬೆಂಚು ಸುತ್ತಿಕೊಂಡು ಮನೆಗೆ ಹೋದರು.

ಶುಕ್ರವಾರ ಬೆಳಿಗ್ಗೆ ರೇಡಿಯೋ ಸ್ಟೂಲು ಹತ್ತಲಿಲ್ಲ. ಉಗ್ರಾಣಕ್ಕೆ ಹೋಗಿ ಬಲಗಾಲಿನ ಚರ್ಮ ಕೇಳಿದಳು. ಉಗ್ರಾಣದವನು ಅವಳ ಮುಖ ನೋಡಿ, ಚರ್ಮ ನೋಡಿ, “ಯೋಚನೆ ಮಾಡಿದೀಯಾ?” ಎಂದ. ಅವಳು ಚರ್ಮ ಎತ್ತಿಕೊಂಡು ಬಂದು ಚಿಕ್ಕಮ್ಮನ ಎದುರು ಕೂತಳು.

ಚಿಕ್ಕಮ್ಮ ತಲೆ ಎತ್ತಲಿಲ್ಲ. ಮೇಣದ ಉಂಡೆಯನ್ನು ಬೆಂಚಿನ ಮೇಲೆ ಅವಳ ಕಡೆಗೆ ಉರುಳಿಸಿದಳು.

“ಒಂದು ಜೋಡಿ ಸಾಕಲ್ವಾ ಚಿಕ್ಕಮ್ಮ? ಒಂದು ಪಾಸಾದ್ರೆ ಸಾಕು.”

“ಮೊದಲು ದಾರಕ್ಕೆ ಮೇಣ ಹಚ್ಚು. ಮಾತು ಆಮೇಲೆ.”

ಹಿಮ್ಮಡಿಯ ತಿರುವಿನವರೆಗೆ ಬಂದಾಗ ರೇಡಿಯೋಗೆ ತಿಳಿಯಿತು, ಕೈ ಮರೆತಿದೆ ಎಂದು. ದಬ್ಬಳ ಹಿಡಿಯುವುದು ಮರೆತಿರಲಿಲ್ಲ, ದಾರ ಎಳೆಯುವುದೂ ಮರೆತಿರಲಿಲ್ಲ. ಎಷ್ಟು ಎಳೆಯಬೇಕು ಎನ್ನುವುದು ಮರೆತುಹೋಗಿತ್ತು. ಒಂದು ಕಡೆ ಬಿಗಿ, ಒಂದು ಕಡೆ ಸಡಿಲ. ಬಿಚ್ಚಿದಳು, ಮತ್ತೆ ಹಾಕಿದಳು. ಬಿಚ್ಚಿದಷ್ಟೂ ತೂತುಗಳು ಅಗಲವಾದವು.

ಅತ್ತ ಸ್ಟೂಲು ಖಾಲಿ ಬಿಡುವಂತಿರಲಿಲ್ಲ. ದೊಡ್ಡಕ್ಕ ಭಾವನನ್ನು ಹತ್ತಿಸಿದಳು. ಅವನು ಎಲ್ಲೋ ಇದ್ದ ಹಳೆಯ ಪತ್ರಿಕೆ ಹಿಡಿದು ಅಕ್ಷರಕ್ಕೊಂದು ಅಕ್ಷರ ಪೋಣಿಸತೊಡಗಿದ.

“ಭಾವ, ಓದ್ತಿದೀರೋ ಬಾಯಲ್ಲಿ ಕಲ್ಲು ಹುಡುಕ್ತಿದೀರೋ?”

“ಬೆರಳು ಹೋಗಿದ್ದು ಸರಿ, ನಾಲಿಗೇನೂ ಪ್ರೆಸ್ಸಿಗೆ ಕೊಟ್ರಾ?”

ಭಾವ ಎಲ್ಲರ ಜೊತೆ ತಾನೂ ನಕ್ಕ. ಊಟದ ಹೊತ್ತಿಗೆ ನಲ್ಲಿಯ ಹತ್ತಿರ ರೇಡಿಯೋ ಒಬ್ಬಳೇ ಸಿಕ್ಕಾಗ ಪಕ್ಕದಲ್ಲಿ ನಿಂತು ಕೈ ತೊಳೆಯುತ್ತ ಮೆಲ್ಲಗೆ ಹೇಳಿದ: “ನಿಮ್ಮ ಚಿಕ್ಕಮ್ಮ ಹೇಳಿದ್ದು ನಿಜ ಅಂತ ನನಗಿಂತ ಚೆನ್ನಾಗಿ ಯಾರಿಗಮ್ಮ ಗೊತ್ತು? ನನಗೆ ವಾಚ್‌ಮ್ಯಾನ್ ಕೆಲಸ ಬೇಕಲ್ಲ.” ನಲ್ಲಿ ನಿಲ್ಲಿಸಿ, ಅವಳನ್ನು ನೋಡೇ ಇಲ್ಲ ಎನ್ನುವಂತೆ ಹೊರಟುಹೋದ.

ಶನಿವಾರ ಮಧ್ಯಾಹ್ನ ಮೇಸ್ತ್ರಿ ಬಂದ. ಈ ಸಲ ಕೊನೆಯ ಬೆಂಚಿನ ಮುಂದೆ ನಿಂತ. ಚಿಕ್ಕಮ್ಮನ ಎಡಗಾಲನ್ನೂ ರೇಡಿಯೋಳ ಬಲಗಾಲನ್ನೂ ಪಕ್ಕಪಕ್ಕ ಇಟ್ಟು, ಕಣ್ಣು ಕಿರಿದು ಮಾಡಿ, ಹಿಮ್ಮಡಿಯ ಮೇಲೆ ಉಗುರು ಆಡಿಸಿದ.

“ಈ ಎಡಗಾಲಿನ ಎದುರು ಇದನ್ನ ಇಟ್ರೆ ನನಗೇ ನಾಚಿಕೆ ಆಗುತ್ತೆ ಕಣಮ್ಮ,” ಎಂದ. “ಸಂಜೆ ಗಂಟೆ ಹೊಡೆಯೋವರೆಗೂ ಕಾಯ್ತೀನಿ. ಸರಿ ಮಾಡು.”

ರೇಡಿಯೋ ಮತ್ತೆ ಬಿಚ್ಚಿದಳು. ಎರಡು ವಾರದ ಹಿಂದೆ ಕೂತಿದ್ದರೆ ಈ ಹೊತ್ತಿಗೆ ಕೈ ಹಿಡಿತಕ್ಕೆ ಬಂದಿರುತ್ತಿತ್ತು ಎನ್ನುವುದನ್ನು ಇಬ್ಬರೂ ಬಾಯಿಬಿಟ್ಟು ಹೇಳಲಿಲ್ಲ. ಒಮ್ಮೆ ಚಿಕ್ಕಮ್ಮ ಬೆಂಚಿನ ಮೇಲಿಂದ ಬಾಗಿ ಅವಳ ಮಣಿಕಟ್ಟು ಹಿಡಿದು ಎಳೆತ ಎಷ್ಟು ಎಂದು ತೋರಿಸಿದಳು, ಚಿಕ್ಕವಳಿದ್ದಾಗ ತೋರಿಸಿದಂತೆ. ಮುಂದಿನ ಬೆಂಚಿನಿಂದ ದೊಡ್ಡಕ್ಕ ಅದನ್ನು ನೋಡಿದಳು. ರೇಡಿಯೋ ತಲೆ ಎತ್ತಿದೊಡನೆ ಮುಖ ತಿರುಗಿಸಿಕೊಂಡಳು.

ಗಂಟೆ ಹೊಡೆಯಿತು. ಮೇಸ್ತ್ರಿ ಬಂದು ಬೂಟು ನೋಡಿ, ಆಗಲಿಲ್ಲ ಎಂದು ತಲೆಯಾಡಿಸಿ ಬೆಂಚಿಗೇ ವಾಪಸ್ಸು ಇಟ್ಟ.

ಹಾಲು ಖಾಲಿಯಾಗುತ್ತಿದ್ದಾಗ ದೊಡ್ಡಕ್ಕ ಮೊದಲ ಬಾರಿಗೆ ಆ ಬೆಂಚಿನ ಹತ್ತಿರ ನಿಂತಳು. ಬಗ್ಗಿ, ಸಾಲಿನಿಂದ ಒಂದು ಎಡಗಾಲು ಎತ್ತಿ, ಹೆಬ್ಬೆರಳನ್ನು ಹೊಲಿಗೆಯ ಗುಂಟ ಎಳೆದಳು. ಅದನ್ನು ಇದ್ದಲ್ಲೇ, ಇದ್ದ ಹಾಗೇ ಇಟ್ಟಳು. ಚಿಕ್ಕಮ್ಮ ದಬ್ಬಳ ಒರೆಸಿ ಡಬ್ಬಿಗೆ ಹಾಕುತ್ತಿದ್ದಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

“ಸೋಮವಾರ ಸ್ಟೂಲು ಖಾಲಿ ಇರುತ್ತೆ ರೇಡಿಯೋ,” ಎಂದಳು ದೊಡ್ಡಕ್ಕ. “ಆ ಭಾವನ ಓದು ಕೇಳಿ ಹಾಲಿಗೆಲ್ಲ ಹೊಟ್ಟೆನೋವು ಬಂದಿದೆ. ಮೇಸ್ತ್ರಿ ಹತ್ರ ಮಾತಾಡಿದೀನಿ. ನೀನು ಓದಕ್ಕೆ ಕೂತ್ರೆ ಕ್ವಾರ್ಟರ್ಸು ನಿನ್ನ ಹೆಸರಿಗೆ ಮಾಡಿಸ್ತಾನೆ. ನಿನ್ನ ಮನೇಲಿ ಯಾರಿರ್ತಾರೆ ಅನ್ನೋದು ನಿನಗೆ ಬಿಟ್ಟಿದ್ದು. ನಾವೇನು ರಾಕ್ಷಸರಲ್ಲ.”

“ಕೂರದಿದ್ರೆ?”

“ಕೂರದಿದ್ರೆ ಇಬ್ಬರೂ ಎಲ್ಲಿಗೆ ಹೋಗ್ತೀರಾ?” ಎಂದಳು ದೊಡ್ಡಕ್ಕ. ಕೇಳಿದ್ದು ವ್ಯಂಗ್ಯಕ್ಕಲ್ಲ, ನಿಜವಾದ ಕಾಳಜಿಯಿಂದಲೇ. ಅದನ್ನು ತಡೆದುಕೊಳ್ಳುವುದೇ ಕಷ್ಟವಾಗಿತ್ತು.

ಮನೆಯ ಬೀಗ ತೆಗೆಯುತ್ತ ಚಿಕ್ಕಮ್ಮ ಹಿಂದೆ ತಿರುಗದೆ ಹೇಳಿದಳು: “ಹೋಗಿ ಕೂತ್ಕೋ. ನೀನು ಈಗ ಬೇಡ ಅಂದ್ರೆ ಅದು ನನಗೋಸ್ಕರ ಅಲ್ಲ, ನಿನಗೋಸ್ಕರ. ಆ ಬಲಗಾಲು ಕೇಳಿದಾಗ ಕೊಡಬೇಕಿತ್ತು.”

ಸೋಮವಾರ ಕೊನೆಯ ಬೆಂಚಿನ ಎರಡೂ ಬದಿ ಖಾಲಿ ಇತ್ತು. ಬೆಂಚಿನ ಕೆಳಗಿನ ಎಡಗಾಲುಗಳನ್ನು ಯಾರೂ ತೆಗೆದಿರಲಿಲ್ಲ. ಜೋಡಿಯಿಲ್ಲದ್ದನ್ನು ಒಳಗೆ ತೆಗೆದುಕೊಳ್ಳಲು ಉಗ್ರಾಣದವನಿಗೆ ಅನುಮತಿಯಿಲ್ಲ, ಎಸೆಯಲು ಯಾರಿಗೂ ಮನಸ್ಸಿಲ್ಲ. ರೇಡಿಯೋ ಸ್ಟೂಲು ಹತ್ತಿದಳು. ಅಲ್ಲಿಂದ ನೋಡಿದರೆ ಆ ಸಾಲು ನೇರ ಕಣ್ಣಿಗೆ ಬೀಳುತ್ತಿತ್ತು.

“ಬೇರೆ ಪುಸ್ತಕ ತಂದಿದೀನಿ,” ಎಂದಳು. “ನಗಿಸೋ ಅಂಥದ್ದು.”

“ಬೇಡ ಬೇಡ, ಅದನ್ನೇ ಓದು,” ಎಂದಿತು ಹಾಲು. “ಮೊದಲಿಂದ. ಭಾವ ಮೊದಲನೇ ವಾರ ಬಂದಿರಲಿಲ್ಲ, ಅವರು ಕೇಳಿಲ್ಲ.”

“ಹೌದಮ್ಮ, ನಾನು ಕೇಳಿಲ್ಲ,” ಎಂದ ಭಾವ ಬಾಗಿಲ ಹತ್ತಿರದಿಂದ.

ಅವಳ ಬುಟ್ಟಿಯಲ್ಲಿ ಆಗಲೇ ಒಂದು ಜೋಡಿ ಬಿದ್ದಿತ್ತು. ರೇಡಿಯೋ ಹಳೆಯ ಪುಸ್ತಕವನ್ನು ತೆಗೆದು ಮೊದಲ ಪುಟ ಬಿಡಿಸಿದಳು.

“ಹೆಬ್ಬಾಗಿಲು ತೆಗೆದವರು ಯಾರೆಂದು ಊರಿಗೆಲ್ಲ ಗೊತ್ತಿತ್ತು.”

“ವಾಲ್ಯೂಮ್!” ಎಂದು ಯಾರೋ ಕೂಗಿದರು.

ಅವಳು ದನಿ ಎತ್ತರಿಸಿ ಅದೇ ಸಾಲನ್ನು ಮತ್ತೊಮ್ಮೆ ಓದಿದಳು. ದೊಡ್ಡಕ್ಕ ದಾರಕ್ಕೆ ಮೇಣ ಹಚ್ಚಿ, ಅಳು ಬರುವ ಮೊದಲೇ ಏಪ್ರನ್ನಿನ ತುದಿಯನ್ನು ತೊಡೆಯ ಮೇಲೆ ಸರಿಯಾಗಿ ಹರಡಿಕೊಂಡಳು.